ಏಳೆಲೆ ಚಿಗುರು

2 ಜೂನ್ 2025, ಸೋಮವಾರ. ಬೆಳಿಗ್ಗೆ 6.40

ಇವತ್ತೂ ಎರಡು ರೆಂಬೆ ತುದಿಯಿಂದ ಕಪ್ಪಾಗಿವೆ. ಹಸಿರು ಸಿಗುವ ತನಕ ಕತ್ತರಿಸಿದೆ. ಕತ್ತರಿ ಡೆಟಾಲಿನಲ್ಲಿ ಅದ್ದಿ, ಒರೆಸಿ, ಮತ್ತೆ ಅದ್ದಿ... ಕೊಯ್ದ ಜಾಗಕ್ಕೆ ಔಷಧಿ ಬಳಿದೆ. ಉಳಿದ ಹದಿನಾಲ್ಕು ಕುಂಡಗಳಿಗೆ ಏನೂ ಆಗಿಲ್ಲ. ಆಗುವುದೂ ಇಲ್ಲ. ನರ್ಸರಿಯಿಂದ ತಂದ ಗಿಡಗಳು ಕಲ್ಲಿನ ಹಾಗೆ ನಿಂತಿವೆ. ರೋಗ ಬರುವುದೆಲ್ಲ ಅವ್ವನ ಪನ್ನೀರು ಗುಲಾಬಿಗೇ.

ಏಪ್ರಿಲಿನಲ್ಲಿ ಮೇಲಿನ ಮನೆಯ ಬಾಲ್ಕನಿಯಿಂದ ಕೆಳಗೆ ತಂದಾಗ ನನ್ನ ಎದೆಯುದ್ದ ಇತ್ತು. ಈಗ ಮೊಣಕಾಲಿನ ಮೇಲೆ ಸ್ವಲ್ಪ. ತುಕ್ಕು ಹಿಡಿದ ಡ್ರಮ್ಮಿನಿಂದ ತೆಗೆದು ಒಳ್ಳೇ ಮಣ್ಣು, ಒಳ್ಳೇ ಕುಂಡ ಕೊಟ್ಟಿದ್ದೇನೆ. ಬೇವಿನ ಹಿಂಡಿ, ಮೂಳೆ ಪುಡಿ, ಎಲ್ಲ ಲೆಕ್ಕ ಹಿಡಿದು. ಮೂವತ್ತೊಂದು ವರ್ಷ ರಾಜಾಜಿನಗರದ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದವಳು ನಾನು. ಒಂದು ಗುಲಾಬಿ ಗಿಡ ಉಳಿಸಿಕೊಳ್ಳಲು ಆಗುವುದಿಲ್ಲವೇ?

ಮೇಲಿಂದ ಮಾಲಾ ಬಗ್ಗಿ ನೋಡುತ್ತಿದ್ದಳು. ತಮ್ಮನ ಹೆಂಡತಿ. ನೋಡುವುದೊಂದೇ.

5 ಜೂನ್

ಎಲೆಗೆ ಕಪ್ಪು ಚುಕ್ಕೆಯೂ ಶುರು. ಮಳೆ ನಿಲ್ಲುತ್ತಿಲ್ಲ. ರೋಗದ ಎಲೆ ಒಂದೊಂದೇ ಕಿತ್ತು ಕವರಿಗೆ ಹಾಕಿದೆ.

ಅವ್ವನ ಆಸ್ತಿ ಹಂಚಿಕೆಯ ದಿನ ನಾನೇ ಹೇಳಿದ್ದೆ — ಒಡವೆ ಮಾಲಾಗೆ ಇರಲಿ, ಮನೆ ಹೇಗಿದೆಯೋ ಹಾಗಿರಲಿ, ಗಿಡ ಮಾತ್ರ ನನಗೆ. ತಮ್ಮ ಮೋಹನ ನಕ್ಕ. "ತಗೊಳ್ಳೇ ಅಕ್ಕ, ಗಿಡಕ್ಕೆ ಯಾರಾದ್ರೂ ಜಗಳ ಆಡ್ತಾರಾ" ಅಂದ. ಅವನಿಗೆ ಏನು ಗೊತ್ತು! ನಾಯಂಡಹಳ್ಳಿಯ ಹೊಲದಲ್ಲಿ ಮೂವತ್ತು ಸಾಲು ಇತ್ತು ಇದೇ ಹೂವು. ಅಪ್ಪ ಬೆಳಗಾಗುವ ಮುಂಚೆ ಕಿತ್ತು ಮಾರ್ಕೆಟ್ಟಿಗೆ ಒಯ್ಯುತ್ತಿದ್ದ. ಹೊಲ ಕೈಬಿಟ್ಟ ವರ್ಷ ಅವ್ವ ಒಂದೇ ಒಂದು ಗಿಡವನ್ನು ಎಣ್ಣೆ ಡಬ್ಬದಲ್ಲಿ ಇಟ್ಟುಕೊಂಡು ಬಸವೇಶ್ವರನಗರಕ್ಕೆ ಬಂದಳು. ಹೊಲದ ಜಾಗದಲ್ಲಿ ಈಗ ಗೋಡೌನು. ಈ ಗಿಡ ಹೋದರೆ ಆ ಹೊಲದ್ದು ಭೂಮಿಯ ಮೇಲೆ ಏನೂ ಇಲ್ಲ.

ಸೆಪ್ಟೆಂಬರಿನಲ್ಲಿ ಮಹಾಲಯ ಅಮಾವಾಸ್ಯೆ. ಅವ್ವ ಹೋದ ಮೇಲೆ ಮೊದಲನೇ ಎಡೆ. ಅವಳ ಫೋಟೋಗೆ ಅವಳ ಗಿಡದ ಹೂವೇ ಬೇಕು. ಅಷ್ಟರೊಳಗೆ ಒಂದು, ಒಂದೇ ಒಂದು ಹೂ ಬಿಡಿಸುತ್ತೇನೆ. ಬಿಡಿಸದಿದ್ದರೆ ನನ್ನ ಹೆಸರು ಕುಸುಮಾ ಅಲ್ಲ.

24 ಜೂನ್, ಮಂಗಳವಾರ. ಸಂಜೆ

ಬೆಳಿಗ್ಗೆ ಕುಣಿದಾಡುವಷ್ಟು ಖುಷಿ. ಬುಡದಿಂದ ಎರಡು ಚಿಗುರು! ಕೆಂಪಗೆ, ಹೆಬ್ಬೆರಳು ದಪ್ಪ, ನೆಟ್ಟಗೆ. ಎಷ್ಟು ದಿನದ ಮೇಲೆ!

ಆಮೇಲೆ ಎಲೆ ಎಣಿಸಿದೆ. ಒಂದೊಂದು ಎಲೆಕಡ್ಡಿಯಲ್ಲೂ ಏಳು.

ನಮ್ಮ ರೋಸ್ ಬಳಗದ ವಾಟ್ಸಾಪಿನಲ್ಲಿ ಇದನ್ನು ಕಂಠಪಾಠ ಮಾಡಿಸಿದ್ದಾರೆ. ಗುಲಾಬಿ ಗಿಡವೆಂದರೆ ಕೆಳಗೆ ಕಾಡು ಗುಲಾಬಿಯ ಬೇರು, ಅದರ ಮೇಲೆ ಕಸಿ ಕಟ್ಟಿದ ಒಳ್ಳೇ ಗುಲಾಬಿ. ಕಸಿಯ ಕೆಳಗಿನಿಂದ ಬರುವ ಚಿಗುರು ಕಾಡಿನದು. ಬಿಟ್ಟರೆ ಮೇಲಿನದರ ಊಟವನ್ನೆಲ್ಲ ತಿಂದು ಅದನ್ನು ಸಾಯಿಸುತ್ತದೆ. ಐದೆಲೆ ಇದ್ದರೆ ನಮ್ಮದು, ಏಳೆಲೆ ಇದ್ದರೆ ಕಾಡು. ಫೋಟೋ ಹಾಕಿದೆ. ಹತ್ತು ನಿಮಿಷದಲ್ಲಿ ಹನ್ನೊಂದು ಜನ. ಅಡ್ಮಿನ್ ಪಂಚಾಕ್ಷರಿ ಸರ್ ಕೂಡ — ವಿಜಯನಗರದ ತಾರಸಿಯ ಮೇಲೆ ಇನ್ನೂರು ಗಿಡ ಸಾಕಿರುವ ಮನುಷ್ಯ — "ಬುಡಸಮೇತ ಕಿತ್ತು ಹಾಕಿ ಮೇಡಂ, ಕತ್ತರಿಸಿದರೆ ಮತ್ತೆ ಬರುತ್ತೆ" ಎಂದು ಬರೆದರು.

ಓಹೋ, ಇದೇನಾ ವಿಷಯ! ಮೇಲಿನ ರೆಂಬೆ ಒಣಗುತ್ತಿರುವುದು ಇದಕ್ಕೇ! ಕೈಗವಸು ಹಾಕಿಕೊಂಡು ಎರಡನ್ನೂ ಜಗ್ಗಿ ಕಿತ್ತೆ. ಬುಡದ ಸಿಪ್ಪೆಯ ಸಮೇತ ಬಂತು. ಹಾಳಾದ್ದು, ಅವ್ವನ ಗಿಡದ ಅನ್ನ ಕದಿಯುತ್ತಿತ್ತು.

ಮೆಟ್ಟಿಲ ಮೇಲೆ ಮಾಲಾ ನಿಂತಿದ್ದಳು. ಟೈಲರಿಂಗ್ ಟೇಪು ಕೊರಳಲ್ಲಿ.

"ಅಕ್ಕಾ, ಅಷ್ಟು ಚೆನ್ನಾಗಿ ಬರ್ತಿತ್ತಲ್ಲ, ಯಾಕೆ ಕಿತ್ರಿ?"

ಪಾಠ ಮಾಡಿದೆ. ಬೇರು, ಕಸಿ, ಐದು, ಏಳು. ಎಂಟನೇ ಕ್ಲಾಸಿನ ಮಕ್ಕಳಿಗೆ ಹೇಳುವ ಹಾಗೆ ಹೇಳಿದೆ. ಎಲ್ಲ ಕೇಳಿಸಿಕೊಂಡು ಕೊನೆಗೆ ಏನಂದಳು ಗೊತ್ತೇ?

"ಅತ್ತೆ ಯಾವತ್ತೂ ಎಲೆ ಎಣಿಸ್ತಿರ್ಲಿಲ್ಲ ಅಕ್ಕಾ."

"ಅವ್ವ ಓದಿರ್ಲಿಲ್ಲ" ಅಂದೆ. ಅವಳು ಮೇಲೆ ಹೋದಳು.

25 ಜೂನ್

ಕಸದ ಗಾಡಿ ಬರುವ ಮುಂಚೆ ಮಾಲಾ ಗೇಟಿನ ಹತ್ತಿರ ನನ್ನ ಹಸಿ ಕಸದ ಕವರು ಬಿಚ್ಚಿ ಕೆದಕುತ್ತಿದ್ದಳು. ಕಿಟಕಿಯಿಂದ ಕಂಡಿತು. ನಾನು ಏನು ತಿನ್ನುತ್ತೇನೆ, ಏನು ಬಿಸಾಡುತ್ತೇನೆ ಅಂತ ಪರೀಕ್ಷೆ ಇರಬೇಕು. ಥೂ.

28 ಜೂನ್

ಬ್ಯಾಕಪ್ ಇರಲಿ ಎಂದು ಮೇಲಿನ ರೆಂಬೆಯಿಂದ ಆರು ಕಡ್ಡಿ ಮಾಡಿದೆ. ಓರೆಯಾಗಿ ಕೊಯ್ದು, ಬೇರು ಬರಿಸುವ ಪುಡಿಯಲ್ಲಿ ಅದ್ದಿ, ತೆಂಗಿನ ನಾರಿನ ಪುಡಿಯಲ್ಲಿ ನೆಟ್ಟು, ಮೇಲೆ ಪ್ಲಾಸ್ಟಿಕ್ ಕವರು ಕಟ್ಟಿದೆ. ಅವ್ವ ಇದನ್ನೆಲ್ಲ ಕಂಡಿದ್ದರೆ ನಗುತ್ತಿದ್ದಳು. ಅವಳದು ಒಂದೇ ವಿದ್ಯೆ. ಕಡ್ಡಿ ಮಣ್ಣಿಗೆ ಚುಚ್ಚು, ಮೇಲಿನ ತುದಿಗೆ ಒಂದು ಸಗಣಿ ಉಂಡೆ ಮೆತ್ತು, ಮರೆತುಬಿಡು.

ಮೇಲಿನ ಮನೆಯಿಂದ ಸಗಣಿ ವಾಸನೆ ಬರುತ್ತಿದೆ. ಮೂರು ದಿನವಾಯಿತು. ಜಂಬಣ್ಣನ ಹಸುವಿನ ಕೊಟ್ಟಿಗೆ ಎರಡು ರಸ್ತೆ ಆಚೆ, ಅಲ್ಲಿಂದ ಇಷ್ಟು ದೂರ ಬರಲು ಸಾಧ್ಯವಿಲ್ಲ. ಇವಳು ಏನು ಮಾಡುತ್ತಿದ್ದಾಳೋ. ಕೇಳಿದರೆ ಜಗಳ. ಕಿಟಕಿ ಮುಚ್ಚಿದೆ.

6 ಜುಲೈ, ಭಾನುವಾರ

ಮತ್ತೆ ಮೂರು ಬುಡದ ಚಿಗುರು. ಏಳು, ಏಳು, ಏಳು. ಮೂರನ್ನೂ ಕಿತ್ತೆ. ಎಷ್ಟು ಮೊಂಡು ಇದು!

ಮೇಲೆ ಉಳಿದಿರುವುದು ನಾಲ್ಕು ರೆಂಬೆ. ಕವರಿನೊಳಗಿನ ಆರು ಕಡ್ಡಿಯಲ್ಲಿ ನಾಲ್ಕು ಕೊಳೆತಿವೆ. ಕುಂಡದ ಅಂಚಿನಲ್ಲಿ ಬಿಳೀ ಗೆರೆ ಕಂಡಿತು. ಬೆರಳಿನಿಂದ ಉಜ್ಜಿ ಮೂಸಿದೆ. ಸೋಪು!

ನೋಡಿದರೆ ಬಾಲ್ಕನಿಯ ನೀರಿಳಿಯುವ ಪೈಪು ಬಿರುಕು ಬಿಟ್ಟಿದೆ. ಕುಂಡದಿಂದ ಮೂರು ಅಡಿ. ಮೇಲೆ ವಾಷಿಂಗ್ ಮೆಷಿನ್. ಈಗ ಎಲ್ಲ ಅರ್ಥವಾಯಿತು.

7 ಜುಲೈ

ಜಗಳ ಆಯಿತು. ಆಗಲಿ. ಬರೆದಿಡುತ್ತೇನೆ, ಇಲ್ಲದಿದ್ದರೆ ನಾಳೆ ನಾನೇ ಮೆತ್ತಗಾಗುತ್ತೇನೆ.

ಮೇಲೆ ಹೋಗಿ ನೇರವಾಗಿ ಕೇಳಿದೆ. "ಎಷ್ಟು ದಿನದಿಂದ ಸೋಪಿನ ನೀರು ಬಿಡ್ತಿದೀಯ ಮಾಲಾ?"

"ಯಾವ ನೀರು ಅಕ್ಕಾ?"

"ನಾಟಕ ಆಡ್ಬೇಡ. ಗಿಡ ನನಗೆ ಬಂತು ಅಂತ ನಿನಗೆ ಹೊಟ್ಟೆಯುರಿ. ಅದಕ್ಕೇ ಸಾಯಿಸ್ತಿದೀಯ."

ಅವಳ ಕೈಯಲ್ಲಿ ಯಾರದೋ ಬ್ಲೌಸು. ಸೂಜಿ ಅದರಲ್ಲೇ ಚುಚ್ಚಿಟ್ಟು ಎದ್ದು ನಿಂತಳು. "ನಾನ್ಯಾಕಕ್ಕಾ ಸಾಯಿಸ್ಲಿ? ಹದಿನೆಂಟು ವರ್ಷ ನೀರು ಹಾಕಿದೀನಿ ಅದಕ್ಕೆ."

"ಹಾಕಿದ್ದಕ್ಕೇ ಹಕ್ಕು ಬಂದ್ಬಿಡ್ತಾ?"

ಮೋಹನ ಒಳಗಿನಿಂದ ಬಂದ. "ಅಕ್ಕ, ಪೈಪ್ ಒಡ್ದಿದ್ರೆ ಹೇಳು, ಪ್ಲಂಬರ್‌ನ ಕರೆಸ್ತೀನಿ. ಸಾಯಿಸೋದು ಗೀಯಿಸೋದು ಅಂತ ಯಾಕೆ ಮಾತು?"

"ನಿನ್ನ ಹೆಂಡ್ತಿನ ಕೇಳು. ಅವ್ವನ್ನ ಹೇಗೆ ನೋಡ್ಕೊಂಡ್ಲೋ ಗಿಡಾನೂ ಹಾಗೇ ನೋಡ್ಕೊಂಡ್ಲು."

ಹೀಗಂದುಬಿಟ್ಟೆ. ಮಾಲಾ ತಾರಸಿಯ ಮೆಟ್ಟಿಲು ಹತ್ತಿ ಹೋದಳು. ಏನೇ ಆದರೂ ತಾರಸಿಗೆ ಓಡುತ್ತಾಳೆ ಈಗೀಗ.

8 ಜುಲೈ

ಪ್ಲಂಬರ್ ಬಂದು ಪೈಪು ಬದಲಾಯಿಸಿದ. ಮೋಹನ ಮಾತಾಡುತ್ತಿಲ್ಲ. ನಾನೂ ಆಡುವುದಿಲ್ಲ.

ಅವ್ವನನ್ನು ಅವಳು ಚೆನ್ನಾಗಿಯೇ ನೋಡಿಕೊಂಡಳು. ಇಲ್ಲಿ ಯಾರೂ ಓದುವುದಿಲ್ಲ, ಬರೆಯಬಹುದು. ಸ್ನಾನ, ಊಟ, ಮಾತ್ರೆ. ದಿನಾ ಬೆಳಿಗ್ಗೆ ತಲೆ ಬಾಚಿ ತುರುಬಿಗೆ ಒಂದು ಪನ್ನೀರು ಹೂ. ಅದೇ ನನಗೆ ಸಹಿಸುವುದಿಲ್ಲ. ಕೊನೇ ದಿನ ಆಸ್ಪತ್ರೆಯಲ್ಲಿ ಅವ್ವನ ಕೈ ಹಿಡಿದು ಕೂತಿದ್ದವಳು ನಾನು. ಕಣ್ಣು ಬಿಟ್ಟು ನನ್ನ ಮುಖ ನೋಡಿ "ಮಾಲಾ ಎಲ್ಲೇ?" ಅಂದಳು. ಅದೇ ಕೊನೇ ಮಾತು.

ಹೆತ್ತವಳು ನನ್ನನ್ನು ಬಿಟ್ಟು ಅವಳನ್ನು ಕೇಳಿದಳಲ್ಲ ಎನ್ನುವ ಸಿಟ್ಟು. ಗಿಡವಾದರೂ ನನ್ನದಾಗಲಿ ಅಂದುಕೊಂಡೆ.

19 ಜುಲೈ

ಒಂದು ಬುಡದ ಚಿಗುರು. ಏಳು. ಕಿತ್ತೆ. ಕಡ್ಡಿ ಆರೂ ಕೊಳೆತವು.

8 ಆಗಸ್ಟ್, ಶುಕ್ರವಾರ

ವರಮಹಾಲಕ್ಷ್ಮಿ. ಬೀದಿಯಲ್ಲೆಲ್ಲ ಹೆಂಗಸರ ಓಡಾಟ. ಮಾಲಾ ಅರಿಶಿನ ಕುಂಕುಮಕ್ಕೆ ಕರೆಯಲು ಬಂದು ಎರಡು ಸಲ ಬೆಲ್ ಮಾಡಿದಳು. ತೆಗೆಯಲಿಲ್ಲ. ಟಿವಿ ಸೌಂಡು ಜಾಸ್ತಿ ಮಾಡಿ ಕೂತೆ. ಸಂಜೆ ನೋಡಿದರೆ ಬಾಗಿಲ ಚಿಲಕಕ್ಕೆ ಒಂದು ಕವರು ಸಿಕ್ಕಿಸಿದ್ದಾಳೆ. ಎಲೆ ಅಡಿಕೆ, ಬಾಳೆಹಣ್ಣು, ಬ್ಲೌಸ್ ಪೀಸ್.

ಗಿಡದಲ್ಲಿ ಒಂದೇ ರೆಂಬೆ ಹಸಿರು. ಈಗ ಬುಡದಿಂದಲೂ ಏನೂ ಬರುತ್ತಿಲ್ಲ. ಕಾಡು ಚಿಗುರಿನ ಕಾಟ ತಪ್ಪಿತು ಎಂದು ಗುಂಪಿನಲ್ಲಿ ಬರೆದೆ. ಎಲ್ಲರೂ ಹೆಬ್ಬೆರಳು ಒತ್ತಿದರು.

22 ಆಗಸ್ಟ್, ಶುಕ್ರವಾರ. ಬೆಳಿಗ್ಗೆ 7.15

ಉಗುರಿನಿಂದ ಗೀರಿ ನೋಡಿದೆ. ತುದಿಯಲ್ಲಿ ಕಂದು. ಮಧ್ಯದಲ್ಲಿ ಕಂದು. ಬುಡದಲ್ಲೂ ಕಂದು.

ಸತ್ತಿದೆ.

22 ಆಗಸ್ಟ್, ಮಧ್ಯಾಹ್ನ

ಮೋಹನನಿಗೆ ಫೋನ್ ಮಾಡಿ ಹೇಳಿದೆ. ಈ ಸಲ ನಿಮ್ಮ ಎಡೆಗೆ ನಾನು ಬರುವುದಿಲ್ಲ. ಕೆಳಗೆ ನನ್ನದೇ ಇಡುತ್ತೇನೆ. ಅವ್ವ ಎಲ್ಲಿಗೆ ಬರಬೇಕೋ ಬರಲಿ.

"ಅಕ್ಕ, ಸತ್ತೋರಿಗೂ ಮೇಲೆ ಕೆಳಗೆ ಭಾಗ ಮಾಡ್ತೀಯಾ?" ಅಂದ. ಫೋನ್ ಇಟ್ಟೆ.

ಕೂಗಾಡಬೇಕು ಅನಿಸುತ್ತಿದೆ. ಯಾರ ಮೇಲೆ ಕೂಗಲಿ. ಪೈಪು ಬದಲಾಯಿಸಿ ಒಂದೂವರೆ ತಿಂಗಳಾಯಿತು, ಆಮೇಲೂ ಒಣಗುತ್ತಲೇ ಹೋಯಿತು. ಹಾಗಾದರೆ ಸೋಪಿನ ನೀರೇ ಕಾರಣವೇ? ಮಣ್ಣಿನಲ್ಲಿ ಉಳಿದಿರಬೇಕು. ಅವಳದೇ ತಪ್ಪು. ಅವಳದೇ.

14 ಸೆಪ್ಟೆಂಬರ್, ಭಾನುವಾರ

ಬಳಗದ ಮೀಟಿಂಗು. ಪಂಚಾಕ್ಷರಿ ಸರ್ ತಾರಸಿಯಲ್ಲಿ. ಅವ್ವನ ಗಿಡವನ್ನು ಬೇರು ಸಮೇತ ಕಿತ್ತು, ಪೇಪರಿನಲ್ಲಿ ಸುತ್ತಿ, ಸ್ಕೂಟಿಯ ಮುಂದೆ ಇಟ್ಟುಕೊಂಡು ಹೋದೆ. ಸೋಪಿನ ನೀರಿಗೆ ಸತ್ತದ್ದೆಂದು ನಾಲ್ಕು ಜನರ ಎದುರಿಗೆ ಅವರ ಬಾಯಿಂದ ಹೇಳಿಸಬೇಕಿತ್ತು. ಅದನ್ನು ಮೋಹನನಿಗೆ ಹೇಳಬೇಕಿತ್ತು.

ಸರ್ ಕನ್ನಡಕ ಹಣೆಗೇರಿಸಿ ತಿರುಗಿಸಿ ತಿರುಗಿಸಿ ನೋಡಿದರು. ನೀರು ಹಾಕಿ ಬುಡ ತೊಳೆದರು.

"ಮೇಡಂ, ಕಸಿ ಗಂಟು ಎಲ್ಲಿ?"

"ಅಲ್ಲೇ ಇರ್ಬೇಕು ಸಾರ್. ಮಣ್ಣಲ್ಲಿ ಹೂತಿರ್ಬೋದು."

"ಇಲ್ಲ ಮೇಡಂ. ಇದು ಕಸಿ ಗಿಡಾನೇ ಅಲ್ಲ. ಕಡ್ಡಿ ನೆಟ್ಟು ಬೆಳೆಸಿರೋದು. ಮೇಲಿಂದ ಬೇರಿನ ತನಕ ಒಂದೇ ಗಿಡ. ಯಾವ ಜಾತಿ ಅಂದ್ರಿ?"

"ಪನ್ನೀರು."

"ಅಯ್ಯೋ... ಹಳೇ ನಾಟಿ ಪನ್ನೀರಿಗೆ ಏಳೆಲೆ ಬರುತ್ತೆ ಮೇಡಂ. ಐದೂ ಬರುತ್ತೆ, ಏಳೂ ಬರುತ್ತೆ. ನಾವು ಎಣಿಸಿ ಅನ್ನೋದು ನರ್ಸರಿ ಗಿಡಕ್ಕೆ. ಹಳೇ ರೆಂಬೆ ಒಣಗ್ತಾ ಬಂದಾಗ ಗಿಡ ಬುಡದಿಂದ ಹೊಸದಾಗಿ ಎದ್ದೇಳುತ್ತೆ. ಆ ಚಿಗುರೇ ಮುಂದಿನ ಗಿಡ."

"ನೀವೇ ಕಿತ್ತು ಹಾಕಿ ಅಂತ ಬರೆದ್ರಲ್ಲ ಸಾರ್!"

"ಫೋಟೋದಲ್ಲಿ ಚಿಗುರು ಮಾತ್ರ ಇತ್ತು ಮೇಡಂ. ಕಸಿ ಗಿಡ ಅಂದ್ಕೊಂಡೆ. ಎಲ್ಲಿಂದ ತಂದಿದ್ದು ಅಂತ ನೀವೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ."

ಎಲ್ಲರಿಗೂ ಕೇಸರಿಬಾತ್ ಕೊಟ್ಟರು. ನನ್ನ ತಟ್ಟೆ ಹಾಗೇ ಇಟ್ಟು ಬಂದೆ.

15 ಸೆಪ್ಟೆಂಬರ್

ಈ ಡೈರಿಯನ್ನೇ ತಿರುಗಿಸಿ ನೋಡಿದೆ. ನನ್ನದೇ ಅಕ್ಷರ. ಜೂನ್ 24, ಎರಡು. ಜುಲೈ 6, ಮೂರು. ಜುಲೈ 19, ಒಂದು. ಆರು ಚಿಗುರು ಹೊರಡಿಸಿ ಗಿಡ ಬದುಕುತ್ತೇನೆ ಎಂದಿತು. ಆರನ್ನೂ ನಾನೇ ಕೈಗವಸು ಹಾಕಿಕೊಂಡು...

ಕಡ್ಡಿಯಿಂದ ಗಿಡ ಮಾಡುವುದು ಹೇಗೆ — ಮೂವತ್ತೊಂದು ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದಿದ್ದೇನೆ. ಅವ್ವ ಕಡ್ಡಿ ನೆಡುವುದನ್ನು ಹೊಲದಲ್ಲಿ ಕಣ್ಣಾರೆ ಕಂಡಿದ್ದೇನೆ. ಸಗಣಿ ಉಂಡೆ ಅಂತ ಇದೇ ಡೈರಿಯಲ್ಲಿ ಬರೆದಿದ್ದೇನೆ! ಕಡ್ಡಿ ನೆಟ್ಟ ಗಿಡಕ್ಕೆ ಕಸಿ ಎಲ್ಲಿಂದ ಬರಬೇಕು, ಮುಠ್ಠಾಳಿ? ಒಬ್ಬ ಹುಡುಗ ಪರೀಕ್ಷೆಯಲ್ಲಿ ಹೀಗೆ ಬರೆದಿದ್ದರೆ ಸೊನ್ನೆ ಕೊಟ್ಟು ಅಪ್ಪನನ್ನು ಕರೆಸುತ್ತಿದ್ದೆ.

ಗುಂಪಿನಿಂದ ಹೊರಗೆ ಬಂದೆ. ಅವರ ಮೇಲೂ ಸಿಟ್ಟು. ಆದರೆ ಅವರು ಬಂದು ಕೀಳಲಿಲ್ಲವಲ್ಲ.

"ಅತ್ತೆ ಯಾವತ್ತೂ ಎಲೆ ಎಣಿಸ್ತಿರ್ಲಿಲ್ಲ ಅಕ್ಕಾ."

18 ಸೆಪ್ಟೆಂಬರ್

ಮೆಟ್ಟಿಲ ಹತ್ತಿರ ಮಾಲಾ ಎದುರಾದಳು. ಹೇಳೋಣ ಎಂದು ಬಾಯಿ ತೆಗೆದೆ. "ಗೇಟ್ ಸರಿಯಾಗಿ ಹಾಕು, ನಾಯಿ ಬರುತ್ತೆ" ಎಂಬ ಮಾತು ಬಂತು. ಇದೇ ಬಾಯಿ ಜುಲೈಯಲ್ಲಿ ಎಷ್ಟು ಸಲೀಸಾಗಿ ಓಡಿತ್ತು!

20 ಸೆಪ್ಟೆಂಬರ್, ಶನಿವಾರ. ಸಂಜೆ

ಮಾಲಾ ಕೆಳಗೆ ಬಂದಳು. ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತಳು.

"ಅಕ್ಕಾ, ನಾಳೆ ಮೇಲೆ ಬನ್ನಿ. ಬೈಯೋದಿದ್ರೆ ಬೈರಿ, ಎಡೆ ಆದ್ಮೇಲೆ. ಒಂದೇ ಮನೇಲಿ ಎರಡು ಎಡೆ ಬೇಡ ಅಕ್ಕಾ. ಅತ್ತೆ ಯಾವ ಕಡೆ ಅಂತ ಹೋಗ್ತಾರೆ?"

"ನೋಡ್ತೀನಿ" ಅಂದೆ.

"ಬೆಳಿಗ್ಗೆ ಸ್ವಲ್ಪ ಬೇಗ ಬನ್ನಿ. ಹೂ ಕೀಳೋದಿದೆ."

ಯಾವ ಹೂವು ಎಂದು ಕೇಳಲಿಲ್ಲ. ಮಾರ್ಕೆಟ್ಟಿನಿಂದ ತಂದ ಸೇವಂತಿಗೆ ಇರಬೇಕು ಎಂದುಕೊಂಡೆ. ಕೀಳುವುದು ಎಂದಳಲ್ಲ? ಹೋಗಿಬಿಡಲೇ? ಹೋದರೆ ಹೇಳಬೇಕಾಗುತ್ತದೆ.

21 ಸೆಪ್ಟೆಂಬರ್, ಭಾನುವಾರ. ಮಹಾಲಯ. ಬೆಳಿಗ್ಗೆ 9.30

ಅಕ್ಷರ ಸೊಟ್ಟ.

ಏಳು ಗಂಟೆಗೆ ಮೇಲೆ ಹೋದೆ. ಮಾಲಾ ಸೀದಾ ತಾರಸಿಗೆ ಕರೆದುಕೊಂಡು ಹೋದಳು. ನೀರಿನ ಟ್ಯಾಂಕಿನ ಹಿಂದೆ, ನೆರಳಿನಲ್ಲಿ, ನಾಲ್ಕು ಪೇಂಟ್ ಡಬ್ಬ. ಒಂದೊಂದರಲ್ಲೂ ಒಂದೊಂದು ಗಿಡ. ಹಳೇ ಕಡ್ಡಿಯ ತುದಿಯಲ್ಲಿ ಒಣಗಿದ ಸಗಣಿ ಉಂಡೆ ಇನ್ನೂ ಅಂಟಿಕೊಂಡಿದೆ. ಪಕ್ಕದಿಂದ ಹೊಸ ರೆಂಬೆ ಎದ್ದಿದೆ. ಒಂದರಲ್ಲಿ ಹೂ. ಸಣ್ಣದು, ಅರ್ಧ ಬಿರಿದದ್ದು, ತಿಳಿ ಗುಲಾಬಿ ಬಣ್ಣ. ಬಗ್ಗುವ ಮೊದಲೇ ವಾಸನೆ ಬಂತು. ಹೊಲದ ವಾಸನೆ. ಅವ್ವನ ತುರುಬಿನ ವಾಸನೆ.

"ನೀವು ಕಿತ್ತು ಬಿಸಾಕ್ತಿದ್ರಲ್ಲ, ಆ ಚಿಗುರು ಅಕ್ಕಾ. ಕಸದ ಕವರಿಂದ ತಗೊಂಡೆ. ಆರರಲ್ಲಿ ನಾಲ್ಕು ಹತ್ಕೊಂಡ್ವು. ಕಾಡು ಗುಲಾಬಿ ಅಂದ್ರಿ. ಕಾಡೋ ಗೀಡೋ, ಅತ್ತೆ ಗಿಡದ್ದಲ್ವಾ, ಬಿಸಾಕೋಕೆ ಮನಸ್ಸು ಬರ್ಲಿಲ್ಲ. ನಿಮಗೆ ಹೇಳ್ದೆ ತಗೊಂಡಿದ್ದು ತಪ್ಪು."

ತಪ್ಪು ಎಂದಳು. ಅವಳು!

"ಮೊನ್ನೆ ಮೊಗ್ಗು ಬಂದ್ಮೇಲೆ ಗೊತ್ತಾಯ್ತು ಇದು ಅತ್ತೆದೇ ಹೂವು ಅಂತ. ಹೇಗಾಯ್ತಕ್ಕಾ ಇದು? ಕಾಡಿನ ಚಿಗುರಲ್ಲಿ ನಮ್ಮ ಹೂ ಹೇಗೆ ಬಂತು?"

ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಳು. ಚುಚ್ಚಲಿಲ್ಲ. ಚುಚ್ಚಿದ್ದರೆ ನನಗೆ ಸುಲಭವಾಗುತ್ತಿತ್ತು. ಬಾಯಿ ತೆಗೆದೆ. "ಇಷ್ಟು ಸಣ್ಣ ಡಬ್ಬದಲ್ಲಿ ಇಟ್ರೆ ಬೇರು ಎಲ್ಲಿ ಹೋಗ್ಬೇಕು? ತಳಕ್ಕೆ ತೂತು ಮಾಡಿದೀಯಾ ಇಲ್ವಾ?" ಎಂದು ಗದರಿದೆ. ನನ್ನ ನಾಲಿಗೆಗೆ ಬೆಂಕಿ ಬೀಳಲಿ.

"ಮಾಡಿದೀನಿ ಅಕ್ಕಾ" ಅಂದಳು. ಆಮೇಲೆ ಕೂತು ಮೊದಲನೇ ಡಬ್ಬದ ಬುಡಕ್ಕೆ ಬೆರಳು ತೋರಿಸಿದಳು. ಬುಡದಿಂದ ಕೆಂಪಗೆ ಒಂದು ಚಿಗುರು, ಈ ವಾರ ಬಂದದ್ದು. ಬೆರಳಿನಿಂದ ಎಲೆ ಮುಟ್ಟಿ ಮುಟ್ಟಿ ಎಣಿಸಿದಳು. ನಾನು ಕಲಿಸಿದ ಹಾಗೆ.

"ಇದಕ್ಕೂ ಏಳಿದೆ ಅಕ್ಕಾ. ಕಿತ್ತು ಹಾಕ್ಲಾ?"

"ಬೇಡ!" ಎಂದು ಕಿರುಚಿದೆ. ಪಕ್ಕದ ಮನೆಯ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದವರು ತಿರುಗಿ ನೋಡಿದರು. ಮಾಲಾ ಕೈ ಹಿಂದಕ್ಕೆ ತೆಗೆದುಕೊಂಡಳು. ಹೆದರಿದಳು. ನನಗೆ ಹೆದರಿ ಅಭ್ಯಾಸವಾಗಿದೆ ಅವಳಿಗೆ.

ಹೂ ಕೀಳಲು ನನಗೇ ಹೇಳಿದಳು. ಕೀಳಲು ಆಗಲಿಲ್ಲ. ನೀನೇ ಕೀಳು ಎಂದು ಕೆಳಗೆ ಓಡಿ ಬಂದೆ. ಸೀರೆ ಬದಲಾಯಿಸುವ ನೆಪ.

9.50

ಮೇಲೆ ಎಲೆ ಹಾಕಿದ್ದಾರೆ. ಮುದ್ದೆ, ಸಾರು, ಕಜ್ಜಾಯದ ವಾಸನೆ ಇಲ್ಲಿಯವರೆಗೆ. ಮೋಹನ ಕರೆದ. ಈಗ ಅವಳು ಕರೆಯುತ್ತಿದ್ದಾಳೆ. "ಅಕ್ಕಾ, ನೀವು ಬಂದ್ಮೇಲೇ ದೀಪ ಹಚ್ಚೋದು."

ಎಡೆಯ ಮುಂದೆ ಕೂರುವ ಮೊದಲು ಹೇಳಬೇಕು. ಅವ್ವನ ಫೋಟೋ ಎದುರಿಗೇ. ಗೇಟು, ಡಬ್ಬ, ತೂತು, ಯಾವುದೂ ಬೇಡ. ಇಲ್ಲಿ ಬರೆದು ಒಂದು ಸಲ ಬಾಯಿಪಾಠ ಮಾಡಿಕೊಂಡು ಹೋಗುತ್ತೇನೆ —

ಮಾಲಾ, ನೀನು ಸೋಪಿನ ನೀರು ಬಿಡಲಿಲ್ಲ. ನೀನು ಅವ್ವನನ್ನು ಚೆನ್ನಾಗಿ ನೋಡಿಕೊಂಡೆ. ಕೊನೆಗೆ ಅವ್ವ ಕೇಳಿದ್ದು ನಿನ್ನನ್ನೇ, ನಾನು ನಿನಗೆ ಹೇಳಲಿಲ್ಲ. ಆ ಗಿಡವನ್ನು ಕೊಂದದ್ದು